ಗಿಡವಾಗಿ ಬಗ್ಗಿಸುವ ಆತುರ

ಶಂಕರಪುರದಲ್ಲಿ ಬೆಳಗಾಗುವುದು ಮಲ್ಲಿಗೆಯ ಲೆಕ್ಕದಲ್ಲಿ. ಬಿಸಿಲೇರುವ ಮೊದಲು ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ದಿನದ ದರ ಹೊರಡುವ ಹೊತ್ತಿಗೆ ಕಟ್ಟೆಗೆ ಮುಟ್ಟಿಸಬೇಕು. ಹಾಗೆ ಹೂ ಕೊಟ್ಟು ಮರಳುತ್ತಿದ್ದ ಒಬ್ಬಾತ ಮೊನ್ನೆ ನಮ್ಮ ಗೇಟಿನ ಎದುರು ಸ್ಕೂಟರ್ ನಿಲ್ಲಿಸಿದ. ಹಿಂದುಗಡೆ ಖಾಲಿ ಬುಟ್ಟಿ. ಹೂವಿಗೆ ಒಳ್ಳೆಯ ದರ ಸಿಕ್ಕಿದ ದಿನವನ್ನು ಇಲ್ಲಿಯವರ ಮುಖ ನೋಡಿಯೇ ಹೇಳಬಹುದು. ಅವನದು ಆ ಮುಖವಲ್ಲ, ಏನನ್ನೋ ಕೇಳಲು ಬಂದವನ ಮುಖ.

“ಮಾಷ್ಟ್ರೆ, ಮಗನಿಗೆ ಹತ್ತು ತುಂಬಿತು. ರಜೆಯಲ್ಲಿ ಕಬಡ್ಡಿ ಶಿಬಿರ ಮಾಡುತ್ತಾರಂತೆ. ಮ್ಯಾಟ್ ಮೇಲೆ ಆಡಿಸುವುದಂತೆ. ಕೊನೆಯ ದಿನ ಪಂದ್ಯಾಟ, ಕಪ್ಪು ಎಲ್ಲ ಉಂಟಂತೆ. ಇವನಿಗೆ ಊಟ ಬೇಡ, ನಿದ್ದೆ ಬೇಡ, ಶಿಬಿರಕ್ಕೆ ಸೇರಿಸು ಅಂತ ಒಂದೇ ಹಟ. ಕಳಿಸಲೋ ಬೇಡವೋ, ನೀವೇ ಹೇಳಿ” ಎಂದ.

ನಾನು ಅವನ ಮುಖ ನೋಡಲಿಲ್ಲ. ನನ್ನ ಕಣ್ಣು ಹೋದದ್ದು ಅವನ ಎಡಗೈಯ ಮೇಲೆ. ಮೊಣಕೈಯಿಂದ ಕೆಳಗೆ ಆ ಕೈ ಒಳಕ್ಕೆ ಸೊಟ್ಟಗಿದೆ. ನೇರ ನಿಂತು ಕೈ ಚಾಚಿದರೂ ಅದು ನೇರವಾಗುವುದಿಲ್ಲ. ಹಾಗಾಗಲು ಕಾರಣ ನಾನು.

ಅದು 1993ರ ಬೇಸಿಗೆ. ಆಗ ನಾನು ಶಾಲೆಯ ಕೆಲಸ ಮುಗಿಸಿ ಸಂಜೆಯ ಹೊತ್ತು ಊರಿನ ಹುಡುಗರನ್ನು ಸೇರಿಸಿಕೊಂಡು ಗದ್ದೆಯಲ್ಲಿ ಕಬಡ್ಡಿ ಆಡಿಸುತ್ತಿದ್ದೆ. ಪಕ್ಕದ ಊರಿನಲ್ಲಿ ಹೊನಲು ಬೆಳಕಿನ ಪಂದ್ಯಾಟ. ಕೊಯ್ಲು ಮುಗಿದ ಗದ್ದೆ, ಮೂಲೆ ಮೂಲೆಗೆ ಟ್ಯೂಬ್‌ಲೈಟು, ಮೈಕಿನಲ್ಲಿ ವಿವರಣೆ, ಗೆದ್ದವರಿಗೆ ಫಲಕ ಮತ್ತು ಒಂದು ಬಾಳೆಗೊನೆ. ನಮ್ಮ ತಂಡದ ಒಬ್ಬನಿಗೆ ಜ್ವರ ಬಂದು ಏಳನೆಯವನು ಇರಲಿಲ್ಲ. ನಮ್ಮ ಅಂಗಿ, ಗಡಿಯಾರ ಕಾಯಲು ಬಂದಿದ್ದ ಹನ್ನೆರಡರ ಹುಡುಗ ಇವನು. “ಮೂಲೆಯಲ್ಲಿ ಸುಮ್ಮನೆ ನಿಂತುಕೋ, ಅಷ್ಟು ಸಾಕು” ಎಂದು ಅಂಕಣಕ್ಕೆ ಇಳಿಸಿದೆ. ಮೈಕಿನಲ್ಲಿ ತನ್ನ ಹೆಸರು ಕೇಳಿದ ಹುಡುಗ ಸುಮ್ಮನೆ ನಿಲ್ಲುತ್ತಾನೆಯೇ? ಎದುರಿನ ತಂಡದ ಬೆಳೆದ ಆಳೊಬ್ಬ ದಾಳಿಗೆ ಬಂದಾಗ ಇವನು ಅವನ ಕಾಲಿನ ಗಂಟಿಗೆ ಕೈ ಹಾಕಿದ. ಆತ ಬಿದ್ದದ್ದು ಇವನ ಕೈಯ ಮೇಲೆ.

ನಾವು ಮಾಡಿದ ಎರಡನೆಯ ತಪ್ಪು, ಕೂಡಲೇ ಆಸ್ಪತ್ರೆಗೆ ಒಯ್ಯದೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟಿಸಿದ್ದು. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಆ ಪಂದ್ಯವನ್ನು ನಾವು ಗೆದ್ದೆವೋ ಸೋತೆವೋ ಎಂಬುದು ಇಂದು ನನಗೆ ನೆನಪಿಲ್ಲ. ಅವನಾಗಲಿ ಅವನ ತಾಯಿಯಾಗಲಿ ಒಂದು ದಿನವೂ ನನ್ನನ್ನು ದೂರಲಿಲ್ಲ. ಆ ಮನೆಯವನೇ ಈಗ ತನ್ನ ಮಗನ ವಿಷಯ ಕೇಳಲು ನನ್ನ ಬಳಿಗೆ ಬಂದಿದ್ದಾನೆ. ಒಂದು ಮಾತಿನಲ್ಲಿ ‘ಹೂಂ’ ಅಥವಾ ‘ಊಹೂಂ’ ಎಂದು ಹೇಳಿ ಕಳಿಸುವ ಧೈರ್ಯ ನನಗಾಗಲಿಲ್ಲ. “ನಾಡಿದ್ದು ಬಾ, ಯೋಚಿಸಿ ಹೇಳುತ್ತೇನೆ” ಎಂದೆ. ಆ ಎರಡು ದಿನ ಯೋಚಿಸಿದ್ದನ್ನೇ ಇಲ್ಲಿ ಬರೆದಿದ್ದೇನೆ. ಈ ಪ್ರಶ್ನೆ ಅವನೊಬ್ಬನದಲ್ಲ.

ಮೊದಲು, ಕಳಿಸಬೇಕು ಎನ್ನುವವರ ಮಾತು ಕೇಳೋಣ. ಅದರಲ್ಲಿ ಹುರುಳಿಲ್ಲದಿಲ್ಲ. ಕಬಡ್ಡಿ ಬಡವರ ಆಟ. ಬ್ಯಾಟು ಬೇಡ, ಪ್ಯಾಡು ಬೇಡ, ಬೂಟು ಕೂಡ ಬೇಡ. ಒಂದು ಗೆರೆ, ಒಂದು ಉಸಿರು, ಎರಡು ಕಾಲು ಇದ್ದರೆ ಸಾಕು. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟಕ್ಕೆ ಪದಕದ ಸ್ಥಾನ ಸಿಕ್ಕಿತು. 2010ರಲ್ಲಿ ಮಹಿಳೆಯರ ಕಬಡ್ಡಿಯೂ ಸೇರಿತು. ನಮ್ಮ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010ರಲ್ಲೂ 2014ರಲ್ಲೂ ಭಾರತ ತಂಡದಲ್ಲಿ ಆಡಿ ಚಿನ್ನ ಗೆದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಹಳ್ಳಿಯ ಮನೆಯಿಂದ ಹೊರಟು ಆ ಎತ್ತರಕ್ಕೆ ಹೋದವರು ಇಷ್ಟು ಹತ್ತಿರದಲ್ಲಿರುವಾಗ ನಮ್ಮ ಮಕ್ಕಳು ಕನಸು ಕಾಣಬಾರದೆಂದು ಯಾರು ಹೇಳಿಯಾರು?

ಮೇಲಾಗಿ 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಗದ್ದೆಯ ಆಟ ಟಿ.ವಿ.ಗೆ ಬಂತು. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಕಪ್ ಗೆದ್ದಾಗ ನಮ್ಮೂರ ಮಕ್ಕಳು ಕುಣಿದಾಡಿದರು. 2022ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಎಂಬ ಆಟಗಾರನಿಗೆ 2.26 ಕೋಟಿ ರೂಪಾಯಿ ಬಂತು ಎಂದು ಕೇಳಿದ ಮೇಲೆ, ಮಗ ಅಂಗಳದಲ್ಲಿ ತೊಡೆ ತಟ್ಟಿದರೆ ಬೈಯುತ್ತಿದ್ದ ತಂದೆ ಬೈಯುವುದನ್ನು ಬಿಟ್ಟ. ರೈಲ್ವೆ, ಪೊಲೀಸು, ಬ್ಯಾಂಕು ಎಂದು ಆಟದಿಂದ ಕೆಲಸ ಸಿಕ್ಕಿದವರೂ ಇದ್ದಾರೆ.

ಇಷ್ಟು ಹೇಳಿ ಅವರು ಕೊನೆಗೆ ಒಂದು ಗಾದೆ ಎಸೆಯುತ್ತಾರೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಹತ್ತರಲ್ಲಿ ಕಲಿಯದವನು ಹದಿನೆಂಟರಲ್ಲಿ ಏನು ಕಲಿತಾನು? ಬೀಳುವುದನ್ನು, ಹಿಡಿಯುವುದನ್ನು, ಪೆಟ್ಟು ತಾಳುವುದನ್ನು ಎಳವೆಯಲ್ಲೇ ಅಭ್ಯಾಸ ಮಾಡಿದರೆ ಮುಂದೆ ಪೆಟ್ಟಾಗುವುದು ಕಡಿಮೆ ಎಂಬುದು ಅವರ ವಾದ.

ಗಾದೆ ಸುಳ್ಳಲ್ಲ. ಆದರೆ ಗಿಡವನ್ನು ಬಗ್ಗಿಸುವುದು ಬೇರೆ, ಅದರ ಮೇಲೆ ಕೂರುವುದು ಬೇರೆ.

ಕಬಡ್ಡಿಯನ್ನು ಸ್ವಲ್ಪ ಬಿಡಿಸಿ ನೋಡಿ. ಅದರಲ್ಲಿ ಎರಡು ಆಟಗಳಿವೆ. ಒಂದು ಮುಟ್ಟುವ ಆಟ, ಇನ್ನೊಂದು ಹಿಡಿಯುವ ಆಟ. ಉಸಿರು ಕಟ್ಟಿ ಎದುರಾಳಿಯ ಅಂಗಳಕ್ಕೆ ಹೋಗುವುದು, ಕಣ್ಣು ಒಂದು ಕಡೆ ಕಾಲು ಒಂದು ಕಡೆ ಇಟ್ಟು ಮೋಸಗೊಳಿಸುವುದು, ಮುಟ್ಟಿ ತಿರುಗಿ ಗೆರೆ ಸೇರುವುದು, ಮೂವತ್ತು ಸೆಕೆಂಡನ್ನು ಮನಸ್ಸಿನಲ್ಲೇ ಎಣಿಸುವುದು ಇವೆಲ್ಲ ಮೊದಲನೆಯದು. ಇದನ್ನು ಆರು ವರ್ಷದ ಮಗುವೂ ಕಲಿಯಬಹುದು, ಎಷ್ಟು ಬೇಗ ಕಲಿತರೆ ಅಷ್ಟು ಒಳ್ಳೆಯದು. ಕಾಲಿನ ಗಂಟು ಹಿಡಿಯುವುದು, ತೊಡೆಗೆ ಕೈ ಹಾಕುವುದು, ಇಬ್ಬರು ಕೈ ಕೋಸಿ ಸರಪಳಿ ಮಾಡಿ ಮುಗಿಬೀಳುವುದು, ಓಡಿ ಬಂದು ಭುಜದಿಂದ ಡ್ಯಾಶ್ ಕೊಟ್ಟು ಗೆರೆಯಿಂದ ಆಚೆ ತಳ್ಳುವುದು ಎರಡನೆಯದು. ಇದಕ್ಕೆ ಬುದ್ಧಿ ಮಾತ್ರ ಸಾಲದು, ದೇಹ ಬೇಕು. ಆ ದೇಹ ಹತ್ತು ವರ್ಷಕ್ಕೆ ಸಿದ್ಧವಾಗಿರುವುದಿಲ್ಲ.

ಯಾಕೆ ಎನ್ನುವುದನ್ನು ವೈದ್ಯರು ಸರಳವಾಗಿ ಹೇಳುತ್ತಾರೆ. ಮಕ್ಕಳ ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ತೆಳು ಪದರ ಇರುತ್ತದೆ. ಎಲುಬು ಬೆಳೆಯುವುದು ಅಲ್ಲಿಂದ. ಹುಡುಗಿಯರಲ್ಲಿ ಸುಮಾರು 14-15ಕ್ಕೆ, ಹುಡುಗರಲ್ಲಿ ಇನ್ನೆರಡು ವರ್ಷ ತಡವಾಗಿ ಅದು ಗಟ್ಟಿಯಾಗಿ ಮುಚ್ಚುತ್ತದೆ. ಅಲ್ಲಿಯವರೆಗೆ ಅದು ಸುತ್ತಲಿನ ಕಟ್ಟುನರಗಳಿಗಿಂತಲೂ ಮೆತ್ತಗೆ. ದೊಡ್ಡವರ ಕಾಲು ತಿರುಚಿದರೆ ನರ ಉಳುಕಬಹುದು. ಅದೇ ತಿರುಚು ಮಗುವಿನ ಬೆಳೆಯುವ ಜಾಗವನ್ನೇ ಕೆಡಿಸಬಹುದು. ಆಮೇಲೆ ಒಂದು ಕಾಲು ಇನ್ನೊಂದರಷ್ಟು ಬೆಳೆಯದೆ ಉಳಿಯುವುದೂ ಉಂಟು. ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆ ತೆಳು. ಬಿದ್ದಾಗ ತಲೆಯನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುವ ಶಕ್ತಿ ಆ ಕುತ್ತಿಗೆಗೆ ಇನ್ನೂ ಬಂದಿರುವುದಿಲ್ಲ.

ಇನ್ನೊಂದು ಸಂಗತಿ ತೂಕ. ಏಳನೇ ತರಗತಿಯ ಬೆಂಚಿನಲ್ಲಿ ಪಕ್ಕ ಪಕ್ಕ ಕೂತ ಇಬ್ಬರು ಹುಡುಗರನ್ನು ನೋಡಿ. ಒಬ್ಬನಿಗೆ ಮೀಸೆ ಚಿಗುರುತ್ತಿದೆ, ಐವತ್ತು ಕಿಲೋ ತೂಗುತ್ತಾನೆ. ಇನ್ನೊಬ್ಬನಿಗೆ ಮೂವತ್ತೂ ಆಗಿಲ್ಲ. ಇಬ್ಬರ ಜನ್ಮದಿನಾಂಕದಲ್ಲಿ ಒಂದು ತಿಂಗಳ ಅಂತರ ಇದ್ದೀತು. ವಯಸ್ಸು ಒಂದೇ ಎಂದು ಇಬ್ಬರನ್ನೂ ಎದುರು ಬದುರು ನಿಲ್ಲಿಸಿದರೆ ಕಾಗದದಲ್ಲಿ ನ್ಯಾಯ, ಅಂಕಣದಲ್ಲಿ ಅನ್ಯಾಯ.

ಕಬಡ್ಡಿಯ ನಿಯಮ ಮಾಡಿದವರಿಗೆ ಇದು ತಿಳಿಯದ್ದೇನಲ್ಲ. ಸಬ್ ಜೂನಿಯರ್ ಎಂದರೆ 16 ವರ್ಷದ ಒಳಗೆ, 55 ಕಿಲೋ ಮೀರಬಾರದು. ಪುರುಷರ ಅಂಕಣ 13 ಮೀಟರ್ ಉದ್ದ 10 ಮೀಟರ್ ಅಗಲವಾದರೆ ಸಬ್ ಜೂನಿಯರ್‌ದು 11ಕ್ಕೆ 8. ಪುರುಷರು 20 ನಿಮಿಷದಂತೆ ಎರಡು ಅವಧಿ ಆಡಿದರೆ ಮಕ್ಕಳಿಗೆ 15 ನಿಮಿಷ. ಅಂದರೆ ಹದಿನೈದರ ಹುಡುಗನಿಗೇ ಇಷ್ಟೆಲ್ಲ ಬೇಲಿ ಹಾಕಿದ್ದಾರೆ. ಹತ್ತರ ಹುಡುಗನಿಗೆ ನಮ್ಮ ಊರಿನ ಪಂದ್ಯಾಟಗಳಲ್ಲಿ ಯಾವ ಬೇಲಿ ಇದೆ? ಇರುವ ತೂಕದ ಬೇಲಿಯನ್ನೂ ನಾವು ಹಾರುವುದನ್ನು ಕಲಿಸುತ್ತೇವೆ. ತೂಕ ನೋಡುವ ದಿನ ಮಕ್ಕಳನ್ನು ಉಪವಾಸ ಇರಿಸಿ, ಬಿಸಿಲಿನಲ್ಲಿ ಓಡಿಸಿ, ನೀರು ಕೂಡ ಕೊಡದೆ ತಕ್ಕಡಿ ಹತ್ತಿಸುವವರನ್ನು ನಾನೇ ಕಂಡಿದ್ದೇನೆ. ಬೆಳೆಯುವ ಮಗುವಿಗೆ ಊಟ ತಪ್ಪಿಸಿ ಗೆಲ್ಲುವ ಕಪ್ಪನ್ನು ಯಾವ ಕಪಾಟಿನಲ್ಲಿ ಇಡಬೇಕೋ ನನಗೆ ತಿಳಿಯದು.

ಈ ತೊಡಕು ನಮ್ಮದು ಮಾತ್ರ ಅಲ್ಲ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡು ಅಲ್ಲ. ಚೆಂಡು ಹಿಡಿದು ಓಡುವವನನ್ನು ಮೈಮೇಲೆ ಬಿದ್ದು ಕೆಡಹುವ ಆಟ ಅದು. ಅಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳೂ ಶಿರಸ್ತ್ರಾಣ ಹಾಕಿಕೊಂಡು ತಂಡ ಕಟ್ಟಿ ಆಡುತ್ತಾರೆ. ಎಷ್ಟು ವಯಸ್ಸಿಗೆ ಶುರು ಮಾಡಿಸಬೇಕು ಎಂದು ಅಲ್ಲಿನ ತಂದೆ ತಾಯಂದಿರು ವರ್ಷಗಟ್ಟಲೆ ಜಗಳವಾಡಿದ್ದಾರೆ. 2018ರಲ್ಲಿ ಬೋಸ್ಟನ್ನಿನ ಸಂಶೋಧಕರು, ಸತ್ತ ಮೇಲೆ ಮೆದುಳು ದಾನ ಮಾಡಿದ 246 ಆಟಗಾರರ ವಿವರಗಳನ್ನು ನೋಡಿ ಒಂದು ಲೆಕ್ಕ ಕೊಟ್ಟರು. ಹನ್ನೆರಡು ತುಂಬುವ ಮೊದಲೇ ಈ ಆಟಕ್ಕೆ ಇಳಿದವರಲ್ಲಿ ಮರೆವು, ಸಿಡುಕು, ಖಿನ್ನತೆಯಂಥ ತೊಂದರೆಗಳು ಉಳಿದವರಿಗಿಂತ ಸರಾಸರಿ ಹದಿಮೂರು ವರ್ಷ ಮೊದಲೇ ಕಾಣಿಸಿಕೊಂಡಿದ್ದವು. ಮೆದುಳು ದಾನ ಮಾಡಿದವರಲ್ಲಿ ಮೊದಲೇ ತೊಂದರೆ ಇದ್ದವರೇ ಹೆಚ್ಚು, ಆದ್ದರಿಂದ ಈ ಲೆಕ್ಕವನ್ನು ಆಡಿದವರೆಲ್ಲರಿಗೂ ಅನ್ವಯಿಸಬಾರದು. ಆದರೂ ಹಗುರವಾಗಿ ತಳ್ಳಿಹಾಕುವ ಮಾತಲ್ಲ.

ಕಬಡ್ಡಿಯಲ್ಲಿ ತಲೆಗೆ ತಲೆ ಗುದ್ದುವುದು ಆಟದ ಭಾಗವಲ್ಲ, ಅದು ಆಕಸ್ಮಿಕ. ಹಾಗಾಗಿ ಅಮೆರಿಕದ ಭಯವನ್ನು ಇಡಿಯಾಗಿ ತಂದು ನಮ್ಮ ಗದ್ದೆಯಲ್ಲಿ ನೆಡುವುದು ತಪ್ಪು. ನಾವು ಅಲ್ಲಿಂದ ಕಲಿಯಬೇಕಾದದ್ದು ಬೇರೆ. ಆ ದೇಶಗಳವರು ಮಕ್ಕಳ ಆಟ ನಿಲ್ಲಿಸಲಿಲ್ಲ, ಆಟದೊಳಗಿನ ಒಂದು ಕ್ರಿಯೆಯನ್ನು ಮಾತ್ರ ಮುಂದೂಡಿದರು. ಕೆನಡಾದಲ್ಲಿ 2013ರಿಂದ 11-12 ವಯಸ್ಸಿನ ಐಸ್ ಹಾಕಿ ಪಂದ್ಯಗಳಲ್ಲಿ ಮೈಯಿಂದ ಗುದ್ದುವುದನ್ನು ತೆಗೆದುಹಾಕಿದರು. ಇಂಗ್ಲೆಂಡಿನಲ್ಲಿ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ಅಭ್ಯಾಸದಲ್ಲಿ ತಲೆಯಿಂದ ಚೆಂಡು ಹೊಡೆಸುವುದು ಬೇಡವೆಂದರು. ಅಮೆರಿಕದಲ್ಲೇ, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಪಟ್ಟಿಯನ್ನು ಎಳೆದರೆ ‘ಹಿಡಿದಂತೆ’ ಎಂದು ಎಣಿಸುವ ಫ್ಲ್ಯಾಗ್ ಫುಟ್‌ಬಾಲ್ ಬೆಳೆಯಿತು. ಕೆಡಹುವುದೇ ಇಲ್ಲದ ಆ ಆಟಕ್ಕೆ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಸ್ಥಾನ ಕೊಟ್ಟಿದ್ದಾರೆ. ಅದನ್ನು ಹೇಡಿಗಳ ಆಟವೆಂದು ಈಗ ಯಾರೂ ನಗುವಂತಿಲ್ಲ.

ಬೇಗ ಕಲಿತರೆ ಮುಂದೆ ಪೆಟ್ಟು ಕಡಿಮೆ ಎಂಬ ವಾದಕ್ಕೂ ಕೆನಡಾದಲ್ಲಿ ಉತ್ತರ ಹುಡುಕಿದ್ದಾರೆ. ಗುದ್ದಾಟಕ್ಕೆ ಅವಕಾಶವಿದ್ದ ಪ್ರಾಂತದ 11-12ರ ಮಕ್ಕಳಿಗೆ, ಅವಕಾಶವಿಲ್ಲದ ಪ್ರಾಂತದ ಮಕ್ಕಳಿಗಿಂತ ಮೂರು ಪಟ್ಟಿಗೂ ಹೆಚ್ಚು ಗಾಯಗಳಾಗುತ್ತಿದ್ದವು. ಮುಂದೆ 13-14ಕ್ಕೆ ಎಲ್ಲರೂ ಗುದ್ದಾಟಕ್ಕೆ ಇಳಿದಾಗ ಎರಡು ವರ್ಷ ಮೊದಲೇ ಕಲಿತವರ ಒಟ್ಟು ಗಾಯಗಳೇನೂ ಕಡಿಮೆಯಾಗಿರಲಿಲ್ಲ. ವಾರಕ್ಕಿಂತ ಹೆಚ್ಚು ಮನೆಯಲ್ಲಿ ಕೂರಿಸುವ ಗಾಯಗಳು ಮಾತ್ರ ತುಸು ಕಡಿಮೆ ಇದ್ದವು. ಅಂದರೆ ಅನುಭವಕ್ಕೆ ಒಂದಿಷ್ಟು ಬೆಲೆ ಇದೆ, ಆದರೆ ಅದನ್ನು ಕೊಳ್ಳಲು ತೆತ್ತದ್ದು ಬಹಳ.

ಇಷ್ಟೆಲ್ಲ ಓದಿ ತಿಳಿದ ಮೇಲೂ ನನ್ನ ಮನಸ್ಸು ಮರಳಿ ಹೋದದ್ದು ಆ 1993ರ ಗದ್ದೆಗೆ. ಇವನು ಅದಕ್ಕೂ ಮೊದಲು ಕಬಡ್ಡಿ ಆಡಿರಲಿಲ್ಲವೇ? ದಿನವೂ ಆಡುತ್ತಿದ್ದ. ಓರಗೆಯವರೊಡನೆ ಬೈಲಿನಲ್ಲಿ ಬಿದ್ದು, ಮೊಣಕಾಲು ತರಚಿಕೊಂಡು, ಎದ್ದು ಮತ್ತೆ ಆಡುತ್ತಿದ್ದ. ಅಲ್ಲಿ ಯಾಕೆ ಕೈ ಮುರಿಯಲಿಲ್ಲ? ಮಕ್ಕಳು ತಾವಾಗಿ ಆಡುವಾಗ ಅವರಿಗೆ ಅವರದೇ ಒಂದು ಕಾನೂನು ಇದೆ. ದೊಡ್ಡವನು ಚಿಕ್ಕವನನ್ನು ಮೆತ್ತಗೆ ಹಿಡಿಯುತ್ತಾನೆ. ತೀರ ಚಿಕ್ಕವನು ಲೆಕ್ಕಕ್ಕಿಲ್ಲದೆ ಆಡುತ್ತಾನೆ. ಒಬ್ಬ ಅತ್ತರೆ ಆಟ ನಿಲ್ಲುತ್ತದೆ. ದೊಡ್ಡವರು ನಡೆಸುವ ಪಂದ್ಯಾಟದಲ್ಲಿ ಆಟ ನಿಲ್ಲುವುದಿಲ್ಲ, ಅಳು ನಿಲ್ಲಬೇಕು. ಅಲ್ಲಿ ಸೀಟಿ ಇದೆ, ಮೈಕು ಇದೆ, ಊರಿನ ಮರ್ಯಾದೆ ಇದೆ, ಕೈಕಟ್ಟಿ ನಿಂತ ನನ್ನಂಥ ಮಾಷ್ಟ್ರು ಇದ್ದಾನೆ. ‘ನನಗೆ ಹೆದರಿಕೆ, ನಾನು ಬರುವುದಿಲ್ಲ’ ಎಂದು ಹೇಳುವ ದಾರಿ ಅಲ್ಲಿ ಮಗುವಿಗೆ ಇರುವುದಿಲ್ಲ. ಅವಸರ ಯಾವತ್ತೂ ನಮ್ಮದು, ದೊಡ್ಡವರದು. ಅದಕ್ಕೆ ಮಕ್ಕಳ ಉತ್ಸಾಹದ ಹೆಸರಿಟ್ಟು ನಾವು ಬಚಾವಾಗುತ್ತೇವೆ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದು ಇಷ್ಟು. ಹನ್ನೆರಡರವರೆಗೆ ಮಕ್ಕಳು ಮುಟ್ಟುವ ಕಬಡ್ಡಿ ಆಡಲಿ, ದಾಳಿ ಮಾಡಿದವನನ್ನು ಗೆರೆ ಸೇರುವ ಮೊದಲು ಎರಡೂ ಕೈಯಿಂದ ಬೆನ್ನು ಮುಟ್ಟಿದರೆ ಅವನು ಸಿಕ್ಕಿದಂತೆ ಎಂದು ಎಣಿಸಿ. ಜತೆಗೆ ಖೋಖೋ, ಲಗೋರಿ, ಈಜು, ಮರ ಹತ್ತುವುದು ಎಲ್ಲವೂ ಇರಲಿ. ಒಂದೇ ಆಟಕ್ಕೆ ಕಟ್ಟಿಹಾಕಬೇಡಿ. ಹನ್ನೆರಡರಿಂದ ಹದಿನಾಲ್ಕರವರೆಗೆ ಹಿಡಿತವನ್ನು ಅಭ್ಯಾಸದಲ್ಲಿ ಕಲಿಸಲಿ, ಅದೂ ಸರಿಸಮ ತೂಕದವರ ನಡುವೆ, ಮೆತ್ತನೆಯ ನೆಲದಲ್ಲಿ, ಮೊದಲು ಬೀಳುವುದನ್ನು ಕಲಿಸಿದ ಮೇಲೆ. ಕಪ್ಪು, ಮೈಕು, ಪಂದ್ಯಾಟ ಹದಿನಾಲ್ಕರ ಆಚೆಗೆ. ತಲೆಗೆ ಪೆಟ್ಟಾದ ಮಗು ‘ನನಗೇನೂ ಆಗಿಲ್ಲ’ ಎಂದರೂ ಅಂದು ಮತ್ತೆ ಅಂಕಣಕ್ಕೆ ಇಳಿಯಬಾರದು, ವೈದ್ಯರು ನೋಡಿ ಸರಿ ಎನ್ನುವ ತನಕ ಮರುದಿನವೂ ಇಳಿಯಬಾರದು. ಈ ಕೊನೆಯದಕ್ಕೆ ಯಾವ ವಯಸ್ಸಿನ ವಿನಾಯಿತಿಯೂ ಬೇಡ.

‘ಮ್ಯಾಟ್ ಇದೆಯಲ್ಲ, ಭಯವೇನು’ ಎನ್ನುವವರಿದ್ದಾರೆ. ಮ್ಯಾಟ್ ಬೀಳುವವನನ್ನು ಕಾಯಬಹುದು, ತಿರುಚಿದ ಮೊಣಕಾಲನ್ನು ಕಾಯುವುದಿಲ್ಲ. ಮೇಲೆ ಹೇಳಿದ 2.26 ಕೋಟಿಯ ಪವನ್ ಸೆಹ್ರಾವತ್, ಆ ಋತುವಿನ ತನ್ನ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಉಳಿದ ಪಂದ್ಯಗಳನ್ನೆಲ್ಲ ಕಳೆದುಕೊಂಡರು. ಬೆಳೆದ ದೇಹ, ವೃತ್ತಿಯ ಅಭ್ಯಾಸ, ಪಕ್ಕದಲ್ಲೇ ವೈದ್ಯರು ಎಲ್ಲ ಇದ್ದೂ ಹೀಗಾಯಿತು. ಅವರು ಮರಳಿ ಬಂದರು, ಮುಂದಿನ ಹರಾಜಿನಲ್ಲಿ ಇನ್ನೂ ಹೆಚ್ಚು ಬೆಲೆ ಪಡೆದರು. ಮಲ್ಲಿಗೆ ಕಟ್ಟುವ ಮನೆಯ ಹುಡುಗನಿಗೆ ಮರಳಿ ಬರಲು ಆ ದಾರಿ ಇಲ್ಲ.

ಮೂರನೆಯ ದಿನ ಅವನು ಬಂದ. ಈ ಸಲ ಮಗನನ್ನೂ ಕರೆದುಕೊಂಡು ಬಂದಿದ್ದ. ಹುಡುಗ ಜಗಲಿಯ ಕಂಬ ಹಿಡಿದು ನಿಂತ, ನಾನು ಏನು ಹೇಳುತ್ತೇನೋ ಎಂದು ಕಣ್ಣು ಪಿಳುಕಿಸದೆ ನೋಡುತ್ತಿದ್ದ. ನಾನು ಹೇಳಿದೆ: “ಶಿಬಿರಕ್ಕೆ ಕಳಿಸು. ಆದರೆ ಮೊದಲು ನೀನೇ ಹೋಗಿ ನಾಲ್ಕು ಪ್ರಶ್ನೆ ಕೇಳು. ಮಕ್ಕಳನ್ನು ತೂಕ ನೋಡಿ ಬೇರೆ ಮಾಡುತ್ತಾರೋ? ಹನ್ನೆರಡರ ಒಳಗಿನವರಿಗೆ ಹಿಡಿತ ಇಲ್ಲದೆ ಆಡಿಸುತ್ತಾರೋ? ಪೆಟ್ಟಾದರೆ ಆಸ್ಪತ್ರೆಗೆ ಒಯ್ಯಲು ಗಾಡಿ, ಜನ ಇದೆಯೋ? ಕೊನೆಯ ದಿನದ ಪಂದ್ಯಾಟಕ್ಕೆ ಇಳಿಯುವುದಿಲ್ಲ ಅಂದರೆ ಸೇರಿಸಿಕೊಳ್ಳುತ್ತಾರೋ? ನಾಲ್ಕಕ್ಕೂ ಹೌದು ಅಂದರೆ ಕಳಿಸು. ಒಂದಕ್ಕೆ ಇಲ್ಲ ಅಂದರೂ ಮನೆಗೆ ಬಾ, ಇವನನ್ನು ಬೈಲಿನಲ್ಲಿ ನಾನೇ ಆಡಿಸುತ್ತೇನೆ.”

ಹುಡುಗನ ಮುಖ ಅರ್ಧ ಅರಳಿತು, ಅರ್ಧ ಬಾಡಿತು. ಪಂದ್ಯಾಟ ಇಲ್ಲ ಎಂಬುದು ಅವನಿಗೆ ಅರ್ಥವಾಗಿತ್ತು.

ಹೊರಡುವಾಗ ನಾನು, ಮೂವತ್ತು ವರ್ಷದಲ್ಲಿ ಒಮ್ಮೆಯೂ ಆಡದ ಮಾತನ್ನು ಆಡಿದೆ. “ಅವತ್ತು ನಾನು ನಿನ್ನನ್ನು ಕರೆಯಬಾರದಿತ್ತು.”

ಅವನು ತನ್ನ ಸೊಟ್ಟ ಕೈಯನ್ನು ಒಮ್ಮೆ ನೋಡಿಕೊಂಡು ನಕ್ಕ. “ಬಿಡಿ ಮಾಷ್ಟ್ರೆ. ನೀವು ಕರೆಯದಿದ್ದರೂ ನಾನೇ ಓಡಿ ಬರುತ್ತಿದ್ದೆ.”

ಅದು ನನ್ನನ್ನು ಸಮಾಧಾನ ಮಾಡಲು ಆಡಿದ ಮಾತು. ಆದರೆ ಸತ್ಯವೂ ಹೌದು. ಹನ್ನೆರಡರ ಹುಡುಗ ಓಡಿ ಬಂದೇ ಬರುತ್ತಾನೆ. ಅದಕ್ಕೇ ‘ಬೇಡ, ಅಲ್ಲೇ ಕೂತಿರು’ ಎನ್ನಲು ಅಲ್ಲಿ ಒಬ್ಬ ದೊಡ್ಡವನು ಬೇಕಿತ್ತು. ಆ ದಿನ ಗದ್ದೆಯಲ್ಲಿ ದೊಡ್ಡವನು ಎಂದು ಇದ್ದವನು ನಾನೊಬ್ಬನೇ.

ನಮ್ಮೂರಿನ ಪಂದ್ಯಾಟದ ಸಮಿತಿ ಮುಂದಿನ ವಾರ ಸೇರಲಿದೆ. ಮಕ್ಕಳ ವಿಭಾಗದಲ್ಲಿ ಹಿಡಿತ ಬೇಡ, ಮುಟ್ಟುವ ಕಬಡ್ಡಿ ಸಾಕು, ಅದನ್ನೂ ಸಂಜೆ ಬೆಳಕಿರುವಾಗಲೇ ಮುಗಿಸೋಣ ಎಂದು ನಾನು ಹೇಳುವವನಿದ್ದೇನೆ. ‘ಹಾಗಾದರೆ ನೋಡಲು ಜನ ಎಲ್ಲಿ ಬರುತ್ತಾರೆ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರ ತಂದೆ ತಾಯಿ ಬರುತ್ತಾರೆ, ಅಷ್ಟು ಸಾಲದೇ?